ಸ್ಟೂಲು ಹತ್ತದೆ ಕೊಟ್ಟ ಮೊದಲ ಸ್ಥಾನ

ಸುತ್ತಿಗೆ ಹೇಗಿದೆ ಎಂದು ನೋಡುವುದಕ್ಕೂ ಯಾರಾದರೂ ಸಂಬಳ ಕೊಡುತ್ತಾರೆ ಎಂಬುದನ್ನು ನನ್ನ ತಾಯಿ ಕೊನೆಯವರೆಗೂ ನಂಬಲಿಲ್ಲ. ದಾವಣಗೆರೆಯಿಂದ ಫೋನ್ ಮಾಡಿದಾಗಲೆಲ್ಲ, “ಇನ್ನೂ ಆ ಸುತ್ತಿಗೆ ಕೆಲಸಾನೇನಾ ಶಶಿ? ನೆಟ್ಟಗೆ ಕುರ್ಚಿ ಮೇಲೆ ಕೂತು ಮಾಡೋ ಕೆಲಸ ಒಂದೂ ಸಿಗಲಿಲ್ವಾ?” ಎಂದು ಕೇಳುತ್ತಿದ್ದರು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಮದುವೆಯಾಗಿ ದೆಹಲಿಗೆ ಬಂದವಳು ನಾನು. ಗೃಹಬಳಕೆಯ ವಸ್ತುಗಳನ್ನು ಪರೀಕ್ಷಿಸಿ, ಯಾವುದನ್ನು ಕೊಳ್ಳಬಹುದು, ಯಾವುದರ ಹತ್ತಿರವೂ ಸುಳಿಯಬಾರದು ಎಂದು ಬರೆಯುವ ಮಾಸಪತ್ರಿಕೆಯೊಂದರ ನೋಯ್ಡಾ ಪರೀಕ್ಷಾಲಯದಲ್ಲಿ ಕೆಲಸಕ್ಕೆ ಸೇರಿದೆ. ಮಿಕ್ಸರು, ಇಸ್ತ್ರಿಪೆಟ್ಟಿಗೆ ಬೇರೆಯವರ ಪಾಲು. ಮನೆಯಲ್ಲೇ ಸಣ್ಣಪುಟ್ಟ ಮರಗೆಲಸ, ರಿಪೇರಿ ಮಾಡಿಕೊಳ್ಳುವವರ ಸುತ್ತಿಗೆ, ಗರಗಸ, ಸ್ಪ್ಯಾನರು, ಡ್ರಿಲ್ಲು ನನ್ನ ಪಾಲು.

ಹೋದ ವರ್ಷ ನಿವೃತ್ತಳಾದೆ. ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ಫೋನ್ ಮಾಡಿ, “ಮೇಡಂ, ಏನಾದ್ರೂ ಟಿಪ್ಸ್ ಕೊಡಿ” ಅನ್ನುತ್ತಾರೆ. ನನ್ನ ಹತ್ತಿರ ಟಿಪ್ಸ್ ಇಲ್ಲ, ಎಡವಟ್ಟುಗಳಿವೆ. ಅವನ್ನೇ ಬರೆದುಬಿಡುತ್ತೇನೆ. ನನ್ನ ಮೇಲೆ ನಗುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ನಾನೇ ಎಷ್ಟೋ ಸಲ ನಕ್ಕಿದ್ದೇನೆ.

ಈ ಕೆಲಸ ಪರೀಕ್ಷಾಲಯದಲ್ಲಲ್ಲ, ಅಂಗಡಿಯಲ್ಲಿ ಶುರುವಾಗುತ್ತದೆ. ನಮ್ಮ ಪತ್ರಿಕೆ ಜಾಹೀರಾತು ತೆಗೆದುಕೊಳ್ಳುತ್ತಿರಲಿಲ್ಲ. ಕಂಪನಿಯವರು ಪ್ರೀತಿಯಿಂದ ಕಳಿಸಿದ ಮಾದರಿಗಳನ್ನು ಮುಟ್ಟುತ್ತಿರಲಿಲ್ಲ. ಗಿರಾಕಿಯ ಹಾಗೆ ಹೋಗಿ, ಯಾರು ಏನು ಎಂದು ಹೇಳದೆ, ಅಂಗಡಿಯಲ್ಲಿ ಇದ್ದುದನ್ನೇ ಕೊಂಡು ತರಬೇಕು. ಸುತ್ತಿಗೆಗಳ ಪರೀಕ್ಷೆಗೆ ಹದಿನಾಲ್ಕು ಸುತ್ತಿಗೆ ಬೇಕಾಗಿದ್ದವು. ಬುದ್ಧಿವಂತರು ಹತ್ತು ಅಂಗಡಿ ಸುತ್ತುತ್ತಾರೆ. ನನಗೆ ಆಗಿನ್ನೂ ಹೊಸತು. ಒಂದೇ ಅಂಗಡಿಗೆ ಮೂರು ದಿನ ಹೋದೆ. ಮೊದಲ ದಿನ ನಾಲ್ಕು, ಮರುದಿನ ಐದು, ಮೂರನೆಯ ದಿನ ಮತ್ತೆ ಐದು. ಕೊನೆಯ ಸುತ್ತಿಗೆಯನ್ನು ಕಾಗದದಲ್ಲಿ ಸುತ್ತುತ್ತಾ ಅಂಗಡಿಯಾತ ಅತ್ತಿತ್ತ ನೋಡಿ, ದನಿ ತಗ್ಗಿಸಿ, “ಬೆಹೆನ್ ಜೀ, ಘರ್ ಮೇಂ ಸಬ್ ಠೀಕ್ ಹೈ ನಾ?” ಎಂದ. ಮನೆಯಲ್ಲಿ ಎಲ್ಲ ಸೌಖ್ಯ ತಾನೆ ಎಂದು ಕೇಳುವಾಗ ಅವನ ಮುಖದಲ್ಲಿ, ತಾನು ಎಂದೂ ನೋಡದ ನನ್ನ ಗಂಡನ ಬಗ್ಗೆ ನಿಜವಾದ ಕಳವಳವಿತ್ತು. ರಾತ್ರಿ ಊಟಕ್ಕೆ ಕೂತಾಗ ಇದನ್ನು ಹೇಳಿದೆ. ನನ್ನ ಯಜಮಾನರು ನಕ್ಕರಾದರೂ, ಅವತ್ತು ಸಾರು ಚೆನ್ನಾಗಿದೆ ಎಂದು ಎರಡು ಸಲ ಹೇಳಿದರು.

ಪರೀಕ್ಷಾಲಯದಲ್ಲಿ ಇಬ್ಬರು ಗುರುಗಳು ಸಿಕ್ಕರು. ಒಬ್ಬರು ಮುಖ್ಯಸ್ಥರಾದ ಚಡ್ಢಾ ಸಾಹೇಬರು. ಇಂಜಿನಿಯರು, ಅಳತೆಯ ಮನುಷ್ಯ. ಚಹಾ ಕುಡಿಯುವ ಮೊದಲು ಥರ್ಮಾಮೀಟರ್ ಅದ್ದುತ್ತಾರೆ ಎಂದು ನಾವು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದೆವು. ಇನ್ನೊಬ್ಬರು ರಾಮ್‌ಧನಿ ಜೀ, ಬಡಗಿ. ಯಂತ್ರಗಳಿಗಿಂತ ತಮ್ಮ ಕೈಯನ್ನೇ ನಂಬಿದವರು. ಸುತ್ತಿಗೆಯ ಹಿಡಿಯನ್ನು ಮೂಗಿನ ಹತ್ತಿರ ತಂದು, ಮರ ಹಸಿಯೋ ಒಣಗಿದ್ದೋ ಎಂದು ಹೇಳುತ್ತಿದ್ದರು. ಸಾಹೇಬರು ಅದೇ ಹಿಡಿಯನ್ನು ತೇವ ಅಳೆಯುವ ಯಂತ್ರಕ್ಕೆ ಕೊಡುತ್ತಿದ್ದರು. ಮೂಗಿನ ಉತ್ತರವೂ ಯಂತ್ರದ ಉತ್ತರವೂ ಒಂದೇ ಆದ ದಿನ ಇಬ್ಬರಿಗೂ ಬೇಸರ.

ಸೇರಿದ ಮೊದಲ ತಿಂಗಳೇ ನನ್ನ ಕೈಗೆ ಹನ್ನೆರಡು ಅಳತೆ ಟೇಪುಗಳನ್ನು ಕೊಟ್ಟರು. ಟೇಪಿನ ತುದಿಯಲ್ಲಿ ಸಣ್ಣ ಕೊಕ್ಕೆ ಇರುತ್ತದಲ್ಲ, ಅದು ಹನ್ನೊಂದು ಟೇಪುಗಳಲ್ಲಿ ಅಲ್ಲಾಡುತ್ತಿತ್ತು. ಎಲ್ಲಕ್ಕಿಂತ ಅಗ್ಗದ ಒಂದರಲ್ಲಿ ಮಾತ್ರ ಬಿಗಿಯಾಗಿ ಕೂತಿತ್ತು. ನಾನು ಹಿಗ್ಗಿ ಹೀರೇಕಾಯಿಯಾದೆ. ಇಷ್ಟು ದೊಡ್ಡ ಕಂಪನಿಗಳ ಹುಳುಕನ್ನು ಒಂದೇ ಮಧ್ಯಾಹ್ನದಲ್ಲಿ ಹಿಡಿದುಬಿಟ್ಟೆನಲ್ಲ! ‘ಹನ್ನೊಂದು ಟೇಪು ದೋಷಯುಕ್ತ, ಕೊಕ್ಕೆ ಸಡಿಲ’ ಎಂದು ವರದಿ ಬರೆದು, ಅಗ್ಗದ ಟೇಪಿಗೆ ಮೊದಲ ಸ್ಥಾನ ಕೊಟ್ಟು, ಸಾಹೇಬರ ಮೇಜಿನ ಮೇಲಿಟ್ಟೆ.

ಸಾಹೇಬರು ಬೈಯಲಿಲ್ಲ. ಒಂದು ಟೇಪನ್ನು ತೆಗೆದುಕೊಂಡು ಕೊಕ್ಕೆಯನ್ನು ಮೇಜಿನ ಅಂಚಿಗೆ ಸಿಕ್ಕಿಸಿ ಎಳೆದರು. ಕೊಕ್ಕೆ ಚೂರು ಹೊರಗೆ ಬಂತು. ಅದನ್ನೇ ಗೋಡೆಗೆ ಒತ್ತಿದರು. ಕೊಕ್ಕೆ ಚೂರು ಒಳಗೆ ಹೋಯಿತು. ಅವರ ಮಾತೆಲ್ಲ ಹಿಂದಿಯಲ್ಲಿ. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಈ ಕೊಕ್ಕೆಯ ದಪ್ಪ ಎಷ್ಟು, ಶಶಿ ಜೀ?”

“ಒಂದು ಮಿಲಿಮೀಟರ್, ಸರ್.”

“ಎಷ್ಟು ಅಲ್ಲಾಡುತ್ತೆ?”

“ಒಂದು ಮಿಲಿ...” ಎಂದವಳು ಅಲ್ಲೇ ನಿಂತೆ.

ಅಂಚಿಗೆ ಸಿಕ್ಕಿಸಿ ಅಳೆದರೂ, ಗೋಡೆಗೆ ಒತ್ತಿ ಅಳೆದರೂ ಕೊಕ್ಕೆಯ ದಪ್ಪವೇ ಲೆಕ್ಕ ಕೆಡಿಸಬಾರದು ಎಂದು ಅದನ್ನು ಬೇಕೆಂದೇ ಅಷ್ಟು ಸಡಿಲ ಬಿಟ್ಟಿರುತ್ತಾರೆ. ನಾನು ಮೊದಲ ಸ್ಥಾನ ಕೊಟ್ಟಿದ್ದು, ಹನ್ನೆರಡರಲ್ಲಿ ಕೆಟ್ಟುಹೋಗಿದ್ದ ಒಂದೇ ಒಂದು ಟೇಪಿಗೆ. ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ. ರಾಮ್‌ಧನಿ ಜೀ ಮಾತ್ರ ಎಲ್ಲರಿಗೂ ಜಿಲೇಬಿ ತರಿಸಿದರು. “ನಮ್ಮ ಬಿಟಿಯಾ, ನಮ್ಮ ಮಗಳು, ಮೊದಲ ತಪ್ಪು ಮಾಡಿದಳು, ಬಾಯಿ ಸಿಹಿ ಮಾಡಿಕೊಳ್ಳಿ” ಎಂದು ತಟ್ಟೆ ಹಿಡಿದು ಮೇಜಿನಿಂದ ಮೇಜಿಗೆ ಹೋದರು. ತಪ್ಪಿಗೆ ಸಿಹಿ ಹಂಚುವ ಕಚೇರಿ ಸಿಕ್ಕರೆ ಬಿಡಬೇಡಿ ಎಂದು ಹೊಸಬರಿಗೆ ಹೇಳುತ್ತೇನೆ.

ಪದ್ಧತಿಗಳು ನನ್ನ ಕಣ್ಣೆದುರಿಗೇ ಬದಲಾದವು. ಮೊದಲೆಲ್ಲ ಸ್ಕ್ರೂಡ್ರೈವರನ್ನು ಮೇಜಿಗೆ ಕೂರಿಸಿದ ವೈಸಿನ ಇಕ್ಕಳದಲ್ಲಿ ಬಿಗಿದು, ಹಿಡಿಗೆ ಕಬ್ಬಿಣದ ಸರಳು ಕಟ್ಟಿ, ಸರಳಿನ ತುದಿಗೆ ತಕ್ಕಡಿಯ ಬಟ್ಟುಗಳನ್ನು ಒಂದೊಂದಾಗಿ ತೂಗುಹಾಕುತ್ತಿದ್ದೆವು. ಯಾವ ಬಟ್ಟಿಗೆ ತುದಿ ತಿರುಚಿಕೊಂಡಿತೋ ಅಲ್ಲಿಗೆ ಅದರ ಯೋಗ್ಯತೆ ಗೊತ್ತಾಗುತ್ತಿತ್ತು. ಕೆಳಗೆ ಕಾಲು ಇಟ್ಟುಕೊಳ್ಳಬಾರದು ಎಂಬುದನ್ನು ನನ್ನ ಎಡಗಾಲಿನ ಹೆಬ್ಬೆರಳು ಕಲಿಸಿತು. ಆಮೇಲೆ ಅದೆಲ್ಲ ಹೋಗಿ, ಗುಂಡಿ ಒತ್ತಿದರೆ ಪರದೆಯ ಮೇಲೆ ಗೆರೆ ಬರೆಯುವ ಯಂತ್ರ ಬಂತು. ವೈರಿನ ಡ್ರಿಲ್ಲುಗಳ ಪಕ್ಕದಲ್ಲಿ ಬ್ಯಾಟರಿಯವು ಬಂದವು. ಈಗಂತೂ ಡಬ್ಬಿ ಬಿಚ್ಚಿದ ಐದು ನಿಮಿಷಕ್ಕೆ ‘ಬೆಸ್ಟ್’ ಎಂದು ಕೂಗುವ ವಿಡಿಯೋಗಳಿವೆ. ನಾವು ಒಂದು ಗರಗಸದ ಬಗ್ಗೆ ಒಂದು ಸಾಲು ಬರೆಯುವುದಕ್ಕೆ ಮೂರು ತಿಂಗಳು ಮರ ಕೊಯ್ಯುತ್ತಿದ್ದೆವು. ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದೇನೆ ಎಂದುಕೊಂಡರೂ ಬೇಜಾರಿಲ್ಲ. ನನ್ನ ಮಗಳು ಎರಡನೆಯ ಕ್ಲಾಸಿನಲ್ಲಿ ತಾಯಿಯ ಕೆಲಸದ ಬಗ್ಗೆ ಬರೆಯಬೇಕಾದಾಗ, “ಮೇರೀ ಮಮ್ಮಾ ಚೀಜೇಂ ತೋಡ್ತೀ ಹೈ” ಎಂದಷ್ಟೇ ಬರೆದಿದ್ದಳು. ವಸ್ತುಗಳನ್ನು ಮುರಿಯುವುದೇ ಅಮ್ಮನ ಕೆಲಸ. ಅವಳ ಟೀಚರು ನನ್ನನ್ನು ಕರೆಸಿ ವಿಚಾರಿಸಿದರು.

ಇನ್ನು, ನಾನು ಹೇಳಲೇಬೇಕಾದ ಸಂಗತಿಗೆ ಬರುತ್ತೇನೆ. ನಿವೃತ್ತಿಗೆ ಎರಡು ವರ್ಷವಿದ್ದಾಗ ಒಂಬತ್ತು ಡ್ರಿಲ್ಲುಗಳನ್ನು ಪರೀಕ್ಷಿಸಿದೆ. ವಯಸ್ಸು ದಾಟಿದ್ದರೂ ಚಡ್ಢಾ ಸಾಹೇಬರನ್ನೂ ರಾಮ್‌ಧನಿ ಜೀಯವರನ್ನೂ ಪತ್ರಿಕೆ ಇನ್ನೂ ಬಿಟ್ಟುಕೊಟ್ಟಿರಲಿಲ್ಲ. ಮೇಜಿನ ಮೇಲೆ ಇಟ್ಟಿಗೆ, ಕಾಂಕ್ರೀಟು, ಮರ ಮೂರನ್ನೂ ಬಿಗಿದು, ಒಂದೊಂದರಲ್ಲೂ ನೂರಾರು ತೂತು ಕೊರೆದೆ. ನೀಲಿ ಬಣ್ಣದ ಒಂದು ಡ್ರಿಲ್ಲು ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ಬಿಸಿಯಾಗಲಿಲ್ಲ, ಅದುರಲಿಲ್ಲ. ಅದಕ್ಕೆ ಮೊದಲ ಸ್ಥಾನ ಕೊಟ್ಟು ಸಹಿ ಹಾಕಿದೆ. ಪುಟ ಅಚ್ಚಾಯಿತು. ಅಂಗಡಿಯವರು ಅದನ್ನು ಕತ್ತರಿಸಿ ಗಾಜಿಗೆ ಅಂಟಿಸಿಕೊಂಡರು. ದೀಪಾವಳಿ ಬಂತೆಂದರೆ ದೆಹಲಿಯ ಮನೆಮನೆಯಲ್ಲೂ ಸುಣ್ಣಬಣ್ಣ, ಹೊಸ ಪರದೆ, ಹೊಸ ಶೆಲ್ಫು. ಡ್ರಿಲ್ಲುಗಳು ಮಾರಾಟವಾಗುವ ಕಾಲವೇ ಅದು. ಆದ್ದರಿಂದ ಅದೇ ಪಟ್ಟಿಯನ್ನು ದೀಪಾವಳಿ ಸಂಚಿಕೆಯಲ್ಲಿ ಇನ್ನೊಮ್ಮೆ ಹಾಕುವುದೆಂದು ನಿಶ್ಚಯವಾಗಿತ್ತು.

ಆ ಸಂಚಿಕೆ ಅಚ್ಚಿಗೆ ಹೋಗಲು ಹತ್ತು ದಿನವಿದ್ದಾಗ, ಬಲಗೈಗೆ ಬ್ಯಾಂಡೇಜು ಸುತ್ತಿಕೊಂಡ ಹೆಂಗಸೊಬ್ಬರು ನೀಲಿ ಡ್ರಿಲ್ಲನ್ನು ಎಡಗೈಯಲ್ಲಿ ಹಿಡಿದು ನಮ್ಮ ಕಚೇರಿಗೆ ನುಗ್ಗಿದರು. ಹೆಸರು ನಫೀಸಾ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಕಲಿಸುವವರು, ಮಯೂರ್ ವಿಹಾರದ ಒಂದು ಹೌಸಿಂಗ್ ಸೊಸೈಟಿಯಲ್ಲಿ ಮನೆ. ಮೊದಲು ಇಂಗ್ಲಿಷಿನಲ್ಲಿ ರೇಗಿದರು, ಸಾಲದೆ ಹಿಂದಿಗೆ ಇಳಿದರು. ನನ್ನ ಮೇಜಿನ ಮೇಲಿದ್ದ ಕನ್ನಡ ಕ್ಯಾಲೆಂಡರು ಕಣ್ಣಿಗೆ ಬಿದ್ದದ್ದೇ ತಡ, ಅವರ ಕೋಪಕ್ಕೆ ಸರಿಯಾದ ದಾರಿ ಸಿಕ್ಕಿತು.

“ಕನ್ನಡದೋರಾ ನೀವು? ಒಳ್ಳೇದಾಯ್ತು ಬಿಡಿ, ಹೊಟ್ಟೆ ತುಂಬ ಬೈಬಹುದು! ಎಲೆಕ್ಟ್ರಿಶಿಯನ್ ಭಯ್ಯಾ ಮೂರು ವಾರದಿಂದ ಕಲ್ ಆವೂಂಗಾ, ಕಲ್ ಆವೂಂಗಾ ಅಂತ ನಾಳೆಗೇ ದಬ್ಬುತ್ತಾ ಇದ್ದ. ನೀವು ಬರೆದಿದ್ದು ನಂಬಿ, ನಾನೇ ಇದನ್ನ ತಗೊಂಡು ಪರದೆ ರಾಡು ಹಾಕೋಕೆ ಹೋದೆ. ಡ್ರಿಲ್ಲಿನ ಬಿಟ್ಟು, ಅದೇ ಆ ಕೊರೆಯೋ ಮೊನೆ, ಗೋಡೆಯೊಳಗೆ ಕಬ್ಬಿಣದ ಕಂಬಿಗೆ ಸಿಕ್ಕಿಕೊಳ್ತು. ನಾನು ಬೆರಳು ತೆಗೆದೆ ಮೇಡಂ, ನಿಜವಾಗ್ಲೂ ತೆಗೆದೆ. ಅದು ನಿಲ್ಲಲೇ ಇಲ್ಲ. ಬಿಟ್ಟಿನ ಬದಲು ಡ್ರಿಲ್ಲೇ ತಿರುಗಿ ನನ್ನ ಕೈ ತಿರುಚಿಬಿಡ್ತು. ಪ್ಲಗ್ ಕಿತ್ತು ಬಂತು, ಬಚಾವಾದೆ.”

ಬೆರಳು ತೆಗೆದರೂ ನಿಲ್ಲದ ಡ್ರಿಲ್ಲಿಗೆ ನಾನು ಮೊದಲ ಸ್ಥಾನ ಕೊಟ್ಟಿದ್ದೇನೆಯೇ? ಅವರನ್ನು ಕೂರಿಸಿ, ಚಹಾ ಕೊಟ್ಟು, ಅದೇ ಡ್ರಿಲ್ಲನ್ನು ಮೇಜಿಗೆ ತಂದೆ. ಬೇಕೆಂದೇ ಅದರ ಬಿಟ್ಟನ್ನು ಕಾಂಕ್ರೀಟಿನಲ್ಲಿ ಸಿಕ್ಕಿಸಿದೆ. ಬೆರಳು ತೆಗೆದ ಕೂಡಲೇ ನಿಂತಿತು. ಎರಡು ದಿನ ಅದನ್ನೇ ಮಾಡಿದೆ. ರಾಮ್‌ಧನಿ ಜೀ ಮಾಡಿದರು. ಪ್ರತಿ ಸಲವೂ ನಿಂತಿತು. ಡ್ರಿಲ್ಲನ್ನು ನಫೀಸಾ ಅವರಿಗೆ ವಾಪಸು ಕಳಿಸಿದೆವು.

“ಬಳಸಿದವರ ತಪ್ಪು” ಎಂದರು ಚಡ್ಢಾ ಸಾಹೇಬರು.

“ಸರ್, ಅವರು ಸುಳ್ಳು ಹೇಳ್ತಿಲ್ಲ.”

“ಸುಳ್ಳು ಅಂತ ನಾನೂ ಹೇಳಲಿಲ್ಲ. ಆದರೆ ಒಬ್ಬರ ಕೈ ಉಳುಕಿದ್ದು ಪುರಾವೆ ಆಗಲ್ಲ. ನಮ್ಮ ಪತ್ರಿಕೆ ಇವತ್ತಿನವರೆಗೆ ಒಂದು ಸ್ಥಾನವನ್ನೂ ಹಿಂದಕ್ಕೆ ತಗೊಂಡಿಲ್ಲ. ತಗೋಬೇಕು ಅಂದರೆ ಕಾರಣ ತೋರಿಸಿ. ಸೋಮವಾರ ಪುಟ ಅಚ್ಚಿಗೆ ಹೋಗುತ್ತೆ.”

ನಿಜ ಹೇಳಿಬಿಡುತ್ತೇನೆ. ‘ಬಳಸಿದವರ ತಪ್ಪು’ ಎಂಬ ಮಾತು ಕೇಳಿ ಒಂದು ಕ್ಷಣ ನನಗೆ ಹಾಯೆನಿಸಿತ್ತು. ಆ ಅಂಕ ಕೊಟ್ಟವಳು ನಾನು, ನಿವೃತ್ತಿ ಹತ್ತಿರವಿತ್ತು, ಸುಮ್ಮನಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಸೋಮವಾರ ಆ ಪುಟ ಹೋಯಿತೆಂದರೆ ಹಬ್ಬಕ್ಕೆ ಎಷ್ಟು ಮನೆಗಳಲ್ಲಿ ಎಷ್ಟು ಕೈ ತಿರುಚಿಕೊಳ್ಳುತ್ತವೋ ಎಂಬ ಯೋಚನೆ ನನ್ನನ್ನು ಬಿಡಲಿಲ್ಲ. ಶನಿವಾರ ಮೆಟ್ರೋ ಹತ್ತಿ ನಫೀಸಾ ಅವರ ಮನೆಗೆ ಹೋದೆ.

ಕಿಟಕಿಯ ಮೇಲೆ, ಸೂರಿನ ಸಮೀಪ, ಅರ್ಧ ಕೊರೆದ ತೂತು ಇತ್ತು. ಪರದೆಯ ರಾಡು ಕೂರುವುದು ಕಿಟಕಿಯ ಮೇಲಿನ ಲಿಂಟಲಿನಲ್ಲಿ; ಅದು ಕಂಬಿ ಹಾಕಿದ ಕಾಂಕ್ರೀಟು. ಅದರ ಕೆಳಗೆ ಮರದ ಸ್ಟೂಲು.

“ಪ್ಲಗ್ ಹಾಕೋದು ಬೇಡ. ಅವತ್ತು ಹೇಗೆ ಹಿಡಿದಿದ್ರೋ ಹಾಗೇ ಹಿಡಿದು ತೋರಿಸ್ತೀರಾ? ಕೈ ನೋವಾದರೆ ಬೇಡ” ಎಂದೆ.

“ನಿಮ್ಮನ್ನ ನಂಬಿಸೋಕೆ ಇಷ್ಟು ಮಾಡ್ತೀನಿ ಬಿಡಿ” ಎಂದು ಅವರು ಸ್ಟೂಲು ಹತ್ತಿ, ಎರಡೂ ಕೈಯಿಂದ ಡ್ರಿಲ್ಲನ್ನು ತಲೆಯ ಮೇಲಕ್ಕೆ ಎತ್ತಿ, ಬಿಟ್ಟನ್ನು ತೂತಿಗೆ ಒತ್ತಿದರು.

ನಾನು ಕೆಳಗಿನಿಂದ ನೋಡುತ್ತಿದ್ದೆ. ಅಷ್ಟು ವರ್ಷದಲ್ಲಿ ಡ್ರಿಲ್ಲನ್ನು ಕೆಳಗಿನಿಂದ ನೋಡಿದ್ದು ಅದೇ ಮೊದಲು. ಆ ಡ್ರಿಲ್ಲಿನ ಹಿಡಿಯ ಎಡಬದಿಯಲ್ಲಿ ಒಂದು ಸಣ್ಣ ಲಾಕ್ ಬಟನ್ನಿದೆ. ತುಂಬ ಹೊತ್ತು ಕೊರೆಯುವವರು ಅದನ್ನು ಒತ್ತಿಬಿಟ್ಟರೆ, ಬೆರಳು ತೆಗೆದರೂ ಡ್ರಿಲ್ಲು ಓಡುತ್ತಲೇ ಇರುತ್ತದೆ. ಮೇಜಿನ ಎತ್ತರದಲ್ಲಿ ಹಿಡಿದಾಗ ಹೆಬ್ಬೆರಳು ಅದರ ಹತ್ತಿರವೂ ಹೋಗುವುದಿಲ್ಲ. ತಲೆಯ ಮೇಲೆ ಎತ್ತಿ ಒತ್ತುವಾಗ ಅಂಗೈ ಹಿಂದಕ್ಕೆ ಸರಿಯುತ್ತದೆ, ಹೆಬ್ಬೆರಳು ಆಸರೆ ಹುಡುಕುತ್ತಾ ನೇರವಾಗಿ ಆ ಬಟನ್ನಿನ ಮೇಲೆಯೇ ಹೋಗಿ ಕೂರುತ್ತದೆ. ನಫೀಸಾ ಅವರ ಹೆಬ್ಬೆರಳು ಕೂತಿತ್ತು. ನಾನೂ ಹತ್ತಿ ನೋಡಿದೆ. ನನ್ನದೂ ಅಲ್ಲೇ ಹೋಗಿ ಕೂತಿತು! ಸ್ಟೂಲಿನ ಮೇಲೆ ನಿಂತೇ ಜೋರಾಗಿ ನಕ್ಕುಬಿಟ್ಟೆ.

“ನನ್ನ ಕೈ ಉಳುಕಿದೆ, ನೀವು ನಗ್ತಿದೀರಲ್ಲಾ!”

“ಸಿಕ್ತು ನಫೀಸಾ, ಸಿಕ್ತು! ತಪ್ಪು ನಿಮ್ಮದಲ್ಲ, ನನ್ನದು. ನಾವು ಯಾವತ್ತೂ ಸ್ಟೂಲು ಹತ್ತಿ ಪರೀಕ್ಷೆ ಮಾಡಿಲ್ಲ.”

ಅವರಿಗೂ ನಗು ಬಂತು. ಆಮೇಲೆ “ಶಶಿ ಅಕ್ಕಾ” ಎಂದು ಕರೆಯತೊಡಗಿದರು. ಬಿಸಿಬಿಸಿ ಅವಲಕ್ಕಿ ಒಗ್ಗರಣೆ ಹಾಕಿ ಕೊಟ್ಟರು. ತಿನ್ನುತ್ತಲೇ ಮರುದಿನದ ಏರ್ಪಾಟು ಮಾಡಿದೆವು. ಎರಡು ಹೆಬ್ಬೆರಳು ಪುರಾವೆಯಾಗುವುದಿಲ್ಲ ಎಂದು ಸಾಹೇಬರು ಹೇಳುವುದು ನನಗೆ ಗೊತ್ತಿತ್ತು.

ಭಾನುವಾರ ಸೊಸೈಟಿಯ ಸಭಾಂಗಣದಲ್ಲಿ ಹನ್ನೆರಡು ಜನ ಸೇರಿದರು. ನಫೀಸಾ ಅವರ ನೆರೆಯವರು, ಅವರ ವಿದ್ಯಾರ್ಥಿಗಳು, ಚಪಾತಿ ಹಿಟ್ಟಿನ ಕೈಯಲ್ಲೇ ಬಂದ ಒಬ್ಬ ಅಜ್ಜಿ. ಬಡಗಿಗಳು ಮರದ ಮೇಲೆ ನೇರ ಗೆರೆ ಹೊಡೆಯಲು ದಾರಕ್ಕೆ ಸವರುವ ಕೆಮ್ಮಣ್ಣಿನ ಡಬ್ಬಿಯನ್ನು ರಾಮ್‌ಧನಿ ಜೀ ತಂದಿದ್ದರು. ಚಿಟಿಕೆ ಕೆಮ್ಮಣ್ಣನ್ನು ನೀರಲ್ಲಿ ಕಲಸಿ ಲಾಕ್ ಬಟನ್ನಿಗೆ ಸವರಿದೆವು. ಯಾರಿಗೂ ಏನೂ ಹೇಳಲಿಲ್ಲ. ಪ್ಲಗ್ ಹಾಕದ ಡ್ರಿಲ್ಲು ಹಿಡಿದು ಸ್ಟೂಲು ಹತ್ತಿ, ಕಿಟಕಿಯ ಮೇಲೆ ತೂತು ಕೊರೆಯುವ ಹಾಗೆ ಒತ್ತಿ, ಇಳಿದು ಕೈ ತೋರಿಸಬೇಕು. ಅಷ್ಟೇ.

ಅಷ್ಟರಲ್ಲಿ ಸೊಸೈಟಿಯ ಕಾರ್ಯದರ್ಶಿ ಧಾವಿಸಿ ಬಂದರು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಡ್ರಿಲ್ಲು ಹಚ್ಚುವಂತಿಲ್ಲ, ಜನ ಮಲಗುವ ಹೊತ್ತು. ಅದು ಅಲ್ಲಿನ ಕಟ್ಟುನಿಟ್ಟಿನ ನಿಯಮ. “ಸದ್ದೇ ಬರ್ತಿಲ್ಲವಲ್ಲ, ಭಾಯಿ ಸಾಬ್” ಎಂದು ನಫೀಸಾ ಹೇಳಿದರು. ಅವರು ಕಿವಿಗೊಟ್ಟು ಕೇಳಿದರು, ತಲೆ ಕೆರೆದುಕೊಂಡರು, ಕೊನೆಗೆ ಸಾಲಿನಲ್ಲಿ ತಾವೂ ನಿಂತರು. ಅವರನ್ನೂ ಸೇರಿಸಿ ಹದಿಮೂರು ಜನ ಹತ್ತಿ ಇಳಿದರು. ಹತ್ತು ಹೆಬ್ಬೆರಳು ಕೆಂಪಾಗಿದ್ದವು. ಯಾಕೆ ಎಂದು ತಿಳಿಸಿದಾಗ ಅಜ್ಜಿ ತಮ್ಮ ಬೆರಳನ್ನು ಎಲ್ಲರಿಗೂ ತೋರಿಸಿಕೊಂಡು ಬಂದರು.

ನಾನು ಫೋನ್ ಮಾಡಿ ಕರೆದಿದ್ದ ಚಡ್ಢಾ ಸಾಹೇಬರು ಕೊನೆಗೆ ಬಂದರು. ಕೈಯಲ್ಲಿ ಮರುದಿನ ಅಚ್ಚಿಗೆ ಹೋಗಬೇಕಾದ ಪುಟದ ಪ್ರತಿ. ನಡುವೆ ನೀಲಿ ಡ್ರಿಲ್ಲಿನ ಚಿತ್ರ. ಕೆಂಪು ಬೆರಳುಗಳನ್ನು ಒಂದೊಂದಾಗಿ ನೋಡಿದರು.

“ಇವರಿಗೆ ಬಟನ್ ಎಲ್ಲಿದೆ ಅಂತ ಗೊತ್ತಿರಲಿಲ್ಲ, ಅದಕ್ಕೆ. ಗೊತ್ತಿದ್ದವರು ಒತ್ತಲ್ಲ. ನೋಡಿ” ಎಂದು ಬೂಟು ಕಳಚಿ ಸ್ಟೂಲು ಹತ್ತಿದರು.

ರಾಮ್‌ಧನಿ ಜೀ ಬಟನ್ನಿಗೆ ಹೊಸದಾಗಿ ಕೆಮ್ಮಣ್ಣು ಸವರಿ ಡ್ರಿಲ್ಲು ಕೊಟ್ಟರು. ಸಾಹೇಬರು ಬಟನ್ನನ್ನು ಒಮ್ಮೆ ನೋಡಿಕೊಂಡು, ಹೆಬ್ಬೆರಳನ್ನು ದೂರವಿಟ್ಟು, ಡ್ರಿಲ್ಲನ್ನು ತಲೆಯ ಮೇಲೆ ಎತ್ತಿದರು. ಗೋಡೆಗೆ ಒತ್ತಿದರು. ಇನ್ನೂ ಸ್ವಲ್ಪ ಜೋರಾಗಿ ಒತ್ತಿದರು. ಆಮೇಲೆ ಅವರು ಡ್ರಿಲ್ಲು ಕೆಳಗಿಳಿಸಿ, ಸ್ಟೂಲಿನ ಮೇಲೆ ನಿಂತೇ ತಮ್ಮ ಹೆಬ್ಬೆರಳನ್ನು ನೋಡಿಕೊಂಡರು. ಅದು ಉಗುರಿನವರೆಗೂ ಕೆಂಪಾಗಿತ್ತು.

ಮೊದಲು ನಕ್ಕವರು ಕಾರ್ಯದರ್ಶಿ. ಆಮೇಲೆ ಸಾಹೇಬರೇ ನಕ್ಕರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಇಳಿದು ಬಂದು ಪುಟವನ್ನು ಮೇಜಿನ ಮೇಲೆ ಹರಡಿದರು. ನಾನು ಪೆನ್ನು ಕೊಡಲು ಹೋದೆ.

“ಬೇಡ” ಎಂದರು. “ಇಂಜಿನಿಯರಿಂಗ್ ಓದಿದವನು ಇವತ್ತು ಹೆಬ್ಬೆಟ್ಟು ಒತ್ತುತ್ತೇನೆ.” ಕೆಂಪು ಹೆಬ್ಬೆರಳನ್ನು ನೀಲಿ ಡ್ರಿಲ್ಲಿನ ಚಿತ್ರದ ನಡುವೆ ಬಲವಾಗಿ ಒತ್ತಿದರು. “ಇದನ್ನ ಹೀಗೇ ಅಚ್ಚು ಮಾಡಿಸಿ. ಕೆಳಗೆ ಬರೀರಿ, ಈ ಸ್ಥಾನ ತಪ್ಪು, ಕೊಟ್ಟವರು ನಾವು.”

ಅಂಕ ಕೊಟ್ಟ ಕೈ ಅವರದಲ್ಲ, ನನ್ನದು. ಕೆಮ್ಮಣ್ಣಿನ ಡಬ್ಬಿಯನ್ನು ಹತ್ತಿರ ಎಳೆದುಕೊಂಡೆ. ಹೆಬ್ಬೆರಳನ್ನು ಅದರಲ್ಲಿ ಅದ್ದಿ, ಸಾಹೇಬರ ಗುರುತಿನ ಪಕ್ಕದಲ್ಲೇ ನನ್ನದನ್ನೂ ಒತ್ತಿದೆ. ದೀಪಾವಳಿಯ ಸಂಚಿಕೆಯಲ್ಲಿ ಆ ಪುಟ ಎರಡು ಕೆಂಪು ಹೆಬ್ಬೆರಳುಗಳ ಸಮೇತ ಹಾಗೆಯೇ ಅಚ್ಚಾಯಿತು.